ದೊಡ್ಡವರ ಲೆಗೊ ಹುಚ್ಚು: ಹಾಸನ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಲೆಗೊ ಅಂದರೆ ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆ, ಅಂದರೆ ಬ್ರಿಕ್ಕುಗಳು; ಒಂದು ಮಾದರಿಗೆ ಬೇಕಾದ ತುಂಡುಗಳೂ ಕಟ್ಟುವ ಕೈಪಿಡಿಯೂ ಇರುವ ಡಬ್ಬಕ್ಕೆ ಸೆಟ್ ಅನ್ನುತ್ತಾರೆ. ಹಾಸನ, ಸಕಲೇಶಪುರ, ಅರಸೀಕೆರೆ ಕಡೆ ಇದನ್ನು ಕಟ್ಟಿ ಕೂಡಿಡುವ ಹವ್ಯಾಸಕ್ಕೆ ಬಿದ್ದವರು, ಬೀಳಬೇಕೆಂದಿರುವವರು, ಬಿದ್ದವರನ್ನು ಕಟ್ಟಿಕೊಂಡವರು, ಈ ಮೂರೂ ಬಗೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ದೊಡ್ಡ ಊರಿನ ಫ್ಲ್ಯಾಟ್‌ಗಳಿಗೆ ಹೊಂದುವ ಸಲಹೆ ಬೇಕಾದಷ್ಟು ಸಿಗುತ್ತದೆ. ಜೂನ್ ಬಂತೆಂದರೆ ಬೀರುವಿನೊಳಗಿನ ಚಪ್ಪಲಿಗೂ ಬೂಸಲು ಹಿಡಿಯುವ ಊರಿನವರಿಗೆ ಬೇಕಾದದ್ದು ಬೇರೆ.

ಇದು ಮಕ್ಕಳ ಆಟಿಕೆ ಅಲ್ವಾ?

ಮಕ್ಕಳದ್ದೂ ಹೌದು. ಆದರೆ 2020ರಿಂದ ಕಂಪನಿಯೇ ದೊಡ್ಡವರಿಗೆಂದು ಕಪ್ಪು ಡಬ್ಬ ಮಾಡಿ, ಮೇಲೆ 18+ ಎಂದು ಅಚ್ಚು ಹಾಕಿ ಮಾರುತ್ತಿದೆ. 2021ರಲ್ಲಿ ಬಂದ ಟೈಟಾನಿಕ್ ಸೆಟ್‌ನಲ್ಲಿ 9,090 ತುಂಡುಗಳಿವೆ, 2022ರ ಐಫೆಲ್ ಗೋಪುರದಲ್ಲಿ 10,001. ಏಳು ವರ್ಷದ ಹುಡುಗನ ಮುಂದೆ ಅದನ್ನು ಸುರಿದು ಕಟ್ಟು ಅಂದರೆ ಅವನೇ ನಿಮ್ಮನ್ನು ಬೈದು ಎದ್ದು ಹೋಗುತ್ತಾನೆ.

ಇನ್ನೊಂದು ಮಾತು. ಹಬ್ಬದ ರಾತ್ರಿ ಇಸ್ಪೀಟಿಗೆ ಕೂತ ಐವತ್ತು ವರ್ಷದವರನ್ನು "ಇದು ಆಟ ಅಲ್ವಾ" ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಪ್ಲಾಸ್ಟಿಕ್ ತಾನೆ? ಅಂಥದ್ದೇನಿದೆ ಅದರಲ್ಲಿ?

ಡೆನ್ಮಾರ್ಕ್‌ನ ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ 1932ರಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ ಮರದ ಆಟಿಕೆ ಮಾಡಲು ಕೂತ. ಪ್ಲಾಸ್ಟಿಕ್ ಬ್ರಿಕ್ಕುಗಳು 1949ಕ್ಕೆ ಬಂದವು, ಆದರೆ ಅವು ಸರಿಯಾಗಿ ಕಚ್ಚಿಕೊಳ್ಳುತ್ತಿರಲಿಲ್ಲ. ಒಳಗಡೆ ಕೊಳವೆ ಕೂಡಿಸಿ, ಮೇಲಿನ ಗುಬುಟು (ಬ್ರಿಕ್ಕಿನ ತಲೆಯ ಮೇಲಿನ ದುಂಡು ಉಬ್ಬು) ಕೆಳಗಿನ ಕೊಳವೆಗೂ ಗೋಡೆಗೂ ನಡುವೆ ಬಿಗಿಯಾಗಿ ಕೂರುವಂತೆ ಮಾಡಿದ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಅವತ್ತಿನ ಬ್ರಿಕ್ ಇವತ್ತಿನ ಬ್ರಿಕ್ಕಿಗೆ ಕಚ್ಚಿಕೊಳ್ಳುತ್ತದೆ. ಮನೆಯಲ್ಲಿರುವ ಎರಡು ಚಾರ್ಜರ್‌ಗಳು ಒಂದಕ್ಕೊಂದು ಹೊಂದದ ಕಾಲದಲ್ಲಿ ಇದು ನನಗೆ ಪವಾಡದಂತೆಯೇ ಕಾಣುತ್ತದೆ.

ಅಳತೆ ಬಾಯಿಪಾಠ ಮಾಡಿಕೊಳ್ಳಿ, ಮುಂದೆ ಬೇಕಾಗುತ್ತದೆ. ಗುಬುಟಿನಿಂದ ಗುಬುಟಿಗೆ 8 ಮಿಲಿಮೀಟರ್. ಬ್ರಿಕ್ಕಿನ ಎತ್ತರ 9.6, ಪ್ಲೇಟ್ ಎಂಬ ತೆಳು ತುಂಡಿನ ಎತ್ತರ 3.2, ಅಂದರೆ ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್. ಎಂಟು ಗುಬುಟಿನ, ಒಂದೇ ಬಣ್ಣದ ಆರು ಬ್ರಿಕ್ಕುಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದು ಎಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಸೊನ್ನೆ ತಪ್ಪಿಲ್ಲ, ತೊಂಬತ್ತೊಂದು ಕೋಟಿಗೂ ಹೆಚ್ಚು.

ಇಷ್ಟು ದುಡ್ಡಿಗೆ ಒಂದು ಹಸು ಬರ್ತಿತ್ತಲ್ಲ?

ದೊಡ್ಡ ಸೆಟ್ ಆದರೆ ಬರುತ್ತಿತ್ತು, ನಿಜ. ಹಸುವಿಗೆ ಹುಲ್ಲು ಹಾಕಬೇಕು ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ.

ತಮಾಷೆ ಇರಲಿ. ಬೆಲೆ ಏರಲು ಮುಖ್ಯ ಕಾರಣ ಸುಂಕ. ಆಟಿಕೆಗಳ ಆಮದು ಸುಂಕವನ್ನು 2020ರ ಬಜೆಟ್ಟಿನಲ್ಲಿ ಶೇ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಲಾಯಿತು. ಲೆಗೊ ಕಾರ್ಖಾನೆಗಳಿರುವುದು ಡೆನ್ಮಾರ್ಕ್, ಹಂಗೆರಿ, ಚೆಕ್, ಮೆಕ್ಸಿಕೊ, ಚೀನಾ, ವಿಯೆಟ್ನಾಂಗಳಲ್ಲಿ. ಭಾರತದಲ್ಲಿ ಇಲ್ಲ, ಹಾಗಾಗಿ ಪ್ರತಿ ಡಬ್ಬವೂ ಕಡಲು ದಾಟಿಯೇ ಬರಬೇಕು. ಮೇಲಾಗಿ 2021ರ ಜನವರಿ 1ರಿಂದ ಇಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಹೊರದೇಶದಲ್ಲಿ ಸಿಗುವ ಎಲ್ಲ ಸೆಟ್‌ಗಳೂ ಇಲ್ಲಿನ ಅಂಗಡಿಗೆ ಬರದಿರಲು ಇದೂ ಒಂದು ಕಾರಣ.

ಸಿನಿಮಾ, ಕಾರು ಕಂಪನಿ, ಫುಟ್‌ಬಾಲ್ ಹೆಸರಿರುವ ಸೆಟ್‌ಗಳಿಗೆ ಆ ಹೆಸರಿನ ಬಾಡಿಗೆಯೂ ಸೇರಿರುತ್ತದೆ. ಹೊಸಬರಿಗೆ ನನ್ನ ಸಲಹೆ: ಹೆಸರಿಗೆ ಕೊಡುವ ದುಡ್ಡನ್ನು ತುಂಡಿಗೆ ಕೊಡಿ.

ಹಾಸನದಲ್ಲಿ ಎಲ್ಲಿ ಸಿಗುತ್ತೆ?

ಬಿ.ಎಂ. ರಸ್ತೆ ಕಡೆಯ ಆಟಿಕೆ ಅಂಗಡಿಗಳಲ್ಲಿ ಕೇಳಿ ನೋಡಿ. ಸಿಕ್ಕರೆ ಸಣ್ಣ ಸೆಟ್‌ಗಳು ಸಿಗುತ್ತವೆ, ಪೊಲೀಸ್ ಜೀಪು, ಬೆಂಕಿ ನಂದಿಸುವ ಲಾರಿ, ಕ್ಲಾಸಿಕ್ ಡಬ್ಬ. ಕಪ್ಪು ಡಬ್ಬ ಬೇಕೆಂದರೆ ಬೆಂಗಳೂರಿನ ಮಾಲ್ ಅಥವಾ ಆನ್‌ಲೈನ್, ಬೇರೆ ದಾರಿ ಇಲ್ಲ.

ಆನ್‌ಲೈನ್ ತರಿಸುವವರಿಗೆ ಒಂದು ಎಚ್ಚರಿಕೆ. ಹಾಸನ ಪೇಟೆಗೆ ಪಾರ್ಸೆಲ್ ಚೆನ್ನಾಗಿಯೇ ಬರುತ್ತದೆ. ಎಸ್ಟೇಟಿನ ವಿಳಾಸ ಕೊಟ್ಟರೆ ಅದು ಸಕಲೇಶಪುರದ ಯಾವುದೋ ಅಂಗಡಿಯಲ್ಲಿ ಕೂತು ನಿಮ್ಮನ್ನು ಕಾಯುತ್ತದೆ, ಮಳೆಯಾದರೆ ನೆಂದುಕೊಂಡೇ ಕಾಯುತ್ತದೆ. ಮಳೆಗಾಲದಲ್ಲಿ ಪೇಟೆಯಲ್ಲಿರುವ ನೆಂಟರ ವಿಳಾಸ ಕೊಡಿ. ಡಬ್ಬದಲ್ಲಿ ಏನಿದೆ ಅಂತ ಅವರಿಗೆ ಹೇಳುವುದು ಬಿಡುವುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು.

ಮೊದಲ ಸೆಟ್ ಯಾವುದು ತಗೊಳ್ಳಲಿ?

ದೊಡ್ಡದು ಬೇಡ. ಸಾವಿರ ತುಂಡಿನೊಳಗಿನದ್ದು ತಗೊಂಡು, ಕಟ್ಟುವ ಕೆಲಸ ನಿಮಗೆ ಇಷ್ಟವಾಗುತ್ತದೋ, ಅಥವಾ ಕಟ್ಟಿಟ್ಟದ್ದನ್ನು ನೋಡುವುದು ಮಾತ್ರ ಇಷ್ಟವೋ ತಿಳಿದುಕೊಳ್ಳಿ. ಎರಡೂ ಬೇರೆ ಬೇರೆ ಚಟಗಳು, ಖರ್ಚೂ ಬೇರೆ.

ಮನೆಯವರ ಕಣ್ಣಿಗೆ ಹಿತವಾಗಿರಲಿ ಅನ್ನುವವರಿಗೆ ಗಿಡಗಳ ಸಾಲು ಒಳ್ಳೆಯದು. 2021ರ ಬೊನ್ಸಾಯ್‌ನಲ್ಲಿ 878 ತುಂಡು, 2022ರ ಆರ್ಕಿಡ್‌ನಲ್ಲಿ 608. ಹಾಲ್‌ನಲ್ಲಿಟ್ಟರೆ ಅಲಂಕಾರ ಅಂತ ಒಪ್ಪುತ್ತಾರೆ. ಲೆಗೊದ ಎಲೆ, ಪೊದೆ, ಮರದಂಥ ಮೆತ್ತಗಿನ ತುಂಡುಗಳನ್ನು 2018ರಿಂದ ಬ್ರೆಜಿಲ್‌ನ ಕಬ್ಬಿನಿಂದ ತೆಗೆದ ಪಾಲಿಥಿನ್‌ನಲ್ಲಿ ಮಾಡುತ್ತಾರೆ. ಚನ್ನರಾಯಪಟ್ಟಣದ ಕಡೆಯ ಕಬ್ಬಿನ ರೈತರಿಗೆ ಇದನ್ನು ಹೇಳಿದರೆ "ಟನ್ನಿಗೆ ಎಷ್ಟು ಕೊಡ್ತಾರಂತೆ?" ಎಂಬ ಒಂದೇ ಪ್ರಶ್ನೆ ಬರುತ್ತದೆ.

ಮೊದಲ ಸೆಟ್ ಆಗಿ ಅಲ್ಲ, ಕೈ ಪಳಗಿದ ಮೇಲೆ ಹಾಸನದವರಿಗೆ ಹತ್ತಿರದ್ದು ಯಾವುದು ಅಂದರೆ, ಮನುಷ್ಯರನ್ನು ಚಂದ್ರನಿಗೆ ಒಯ್ದ ಸ್ಯಾಟರ್ನ್ 5 ರಾಕೆಟ್ ಅನ್ನುತ್ತೇನೆ. ಇಸ್ರೊದ ಉಪಗ್ರಹಗಳನ್ನು ನಿಯಂತ್ರಿಸುವ ಎಂಸಿಎಫ್ 1982ರಿಂದ ನಮ್ಮೂರಲ್ಲೇ ಇದೆ. ಅದರ ದೊಡ್ಡ ಡಿಶ್‌ಗಳನ್ನು ನೋಡಿ ಬೆಳೆದವರಿಗೆ ಬೇರೆ ದೇಶದ ರಾಕೆಟ್ಟಾದರೂ ಪರಕೀಯ ಅನ್ನಿಸುವುದಿಲ್ಲ. 2017ರಲ್ಲಿ ಬಂದ ಆ ಸೆಟ್‌ನಲ್ಲಿ ತುಂಡುಗಳು ಸರಿಯಾಗಿ 1,969, ಚಂದ್ರನ ಮೇಲೆ ಕಾಲಿಟ್ಟ ವರ್ಷ. ತಯಾರಿಕೆ ಈಗ ನಿಂತಿದೆ. ಎಲ್ಲಾದರೂ ಸಿಕ್ಕರೆ, ಮೂರಡಿಗಿಂತ ಎತ್ತರ, ಬೀರು ನೋಡಿಕೊಂಡು ತಗೊಳ್ಳಿ.

ಅರ್ಧ ಬೆಲೆಗೆ ಬೇರೆ ಕಂಪನಿಯದ್ದು ಸಿಗುತ್ತಲ್ಲ, ಅದು ನಕಲಿಯಾ?

ಎರಡು ಸಂಗತಿಗಳನ್ನು ಬೆರೆಸಬೇಡಿ. ಬ್ರಿಕ್ಕಿನ ಮೂಲ ಪೇಟೆಂಟ್‌ಗಳ ಅವಧಿ ಮುಗಿದು ದಶಕಗಳೇ ಆದವು. ಆ ಆಕಾರಕ್ಕೆ ಟ್ರೇಡ್‌ಮಾರ್ಕ್ ರಕ್ಷಣೆ ಬೇಕೆಂದು ಲೆಗೊ ಮಾಡಿದ ವಾದವನ್ನು ಕೆನಡಾದ ಸುಪ್ರೀಂ ಕೋರ್ಟ್ 2005ರಲ್ಲಿ, ಯುರೋಪಿನ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿದವು. ಹಾಗಾಗಿ ತನ್ನದೇ ಹೆಸರು, ತನ್ನದೇ ವಿನ್ಯಾಸ ಇಟ್ಟುಕೊಂಡು ಹೊಂದುವ ಬ್ರಿಕ್ ಮಾಡುವವರು ಕಳ್ಳರಲ್ಲ. ಕೆಲವರ ಗುಣಮಟ್ಟ ಈಗ ಚೆನ್ನಾಗಿಯೇ ಇದೆ.

ಲೆಗೊ ಸೆಟ್‌ನ ವಿನ್ಯಾಸ, ಡಬ್ಬದ ಚಿತ್ರ, ಕೈಪಿಡಿ ಎಲ್ಲವನ್ನೂ ಎತ್ತಿ, ಹೆಸರಲ್ಲಿ ಒಂದಕ್ಷರ ಬದಲಿಸಿ ಮಾರುವುದು ಬೇರೆ ವಿಷಯ. ಅದನ್ನು ನಾನು ತಗೊಳ್ಳುವುದಿಲ್ಲ, ಬೀರುವಿನಲ್ಲಿ ಇಡುವುದೂ ಇಲ್ಲ. ಗುರುತಿಸುವುದು ಸುಲಭ, ಅಸಲಿ ತುಂಡಿನ ಪ್ರತಿ ಗುಬುಟಿನ ಮೇಲೂ ಕಂಪನಿಯ ಹೆಸರು ಅಚ್ಚಾಗಿರುತ್ತದೆ. ಜಾತ್ರೆ ಅಂಗಡಿಯ ಮಂದ ಬೆಳಕಿನಲ್ಲೂ ಉಗುರು ಆಡಿಸಿದರೆ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಹಾಳಾಗಲ್ವಾ?

ಈ ಪ್ರಶ್ನೆಗೆ ಉದ್ದ ಉತ್ತರ ಬೇಕು. ನಮ್ಮ ಕಡೆ ಸಂಗ್ರಹ ಹಾಳಾಗುವುದು ಮಳೆಯಿಂದಲೇ, ಆದರೆ ಜನ ಅಂದುಕೊಂಡ ಜಾಗದಲ್ಲಿ ಅಲ್ಲ.

ಬ್ರಿಕ್ಕಿಗೆ ಏನೂ ಆಗುವುದಿಲ್ಲ. ಬಹುತೇಕ ತುಂಡುಗಳು ಎಬಿಎಸ್ ಎಂಬ ಪ್ಲಾಸ್ಟಿಕ್. ನೀರು ಕುಡಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಮೇಲೆ ಕೂತ ದೂಳಿಗೆ ಬೂಸಲು ಬರಬಹುದು, ಒರೆಸಿದರೆ ಹೋಗುತ್ತದೆ. ಹಾಳಾಗುವುದು ಕಾಗದ: ಡಬ್ಬ, ಕೈಪಿಡಿ, ಸ್ಟಿಕರ್ ಹಾಳೆ. ಸಕಲೇಶಪುರದ ಕಡೆ ಅಟ್ಟದ ಮೇಲೆ ಜೂನ್‌ನಲ್ಲಿ ಇಟ್ಟ ಡಬ್ಬವನ್ನು ಅಕ್ಟೋಬರ್‌ನಲ್ಲಿ ಇಳಿಸಿದರೆ ಅಂಚು ಮೆತ್ತಗಾಗಿ, ಒಳಗೆ ಕಪ್ಪು ಚುಕ್ಕಿ ಎದ್ದಿರುತ್ತದೆ. ಅಂಟಿನ ರುಚಿ ಹತ್ತಿದ ಜಿರಲೆ, ಕಾಗದ ತಿನ್ನುವ ಬೆಳ್ಳಿಹುಳು, ಗೂಡಿಗೆ ರಟ್ಟು ಬೇಕಾದ ಇಲಿ, ಎಲ್ಲರಿಗೂ ಅದು ಹಬ್ಬ. ಈಚೆಗೆ ಸೆಟ್‌ನೊಳಗಿನ ಪ್ಲಾಸ್ಟಿಕ್ ಚೀಲಗಳ ಬದಲು ಕಾಗದದ ಚೀಲಗಳು ಬರುತ್ತಿವೆ. ಪರಿಸರಕ್ಕೆ ಒಳ್ಳೆಯದು, ಮಲೆನಾಡಿನ ಅಟ್ಟಕ್ಕೆ ಅಷ್ಟು ಒಳ್ಳೆಯದಲ್ಲ.

ಆದ್ದರಿಂದ ಕಾಗದವನ್ನು ಬ್ರಿಕ್ಕಿನಿಂದ ಬೇರೆ ಮಾಡಿ. ಕೈಪಿಡಿಗಳನ್ನು ಜಿಪ್ ಚೀಲಕ್ಕೆ ಹಾಕಿ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಕಬ್ಬಿಣದ ಬೀರುವಿನಲ್ಲಿ ಇಡಿ. ಗೋಡೆಗೆ ತಾಗಿದ ಮರದ ಬೀರು ಬೇಡ, ಆ ಗೋಡೆಯೇ ಆಗಸ್ಟಿನಲ್ಲಿ ಬೆವರುತ್ತಿರುತ್ತದೆ. ಸ್ಟಿಕರನ್ನು ಬೇಸಿಗೆಯಲ್ಲಿ ಅಂಟಿಸಿ. ತೇವದ ದಿನ ಅಂಟಿಸಿದ್ದು ಮುಂದಿನ ಬೇಸಿಗೆಗೆ ಮೂಲೆ ಎತ್ತುತ್ತದೆ. ಕೈಪಿಡಿ ಹಾಳಾದರೆ ಅಳಬೇಕಿಲ್ಲ, ಕಂಪನಿ ಅವುಗಳ ಡಿಜಿಟಲ್ ಪ್ರತಿಗಳನ್ನು ಉಚಿತವಾಗಿ ಕೊಡುತ್ತದೆ.

ಡಬ್ಬ ಎಸೆಯಬೇಕಾ? ನನ್ನ ಅಭಿಪ್ರಾಯ ಕೇಳಿದರೆ, ಹೌದು. ಮುಂಭಾಗದ ಚಿತ್ರ ಕತ್ತರಿಸಿ ಇಟ್ಟುಕೊಂಡು ಉಳಿದದ್ದನ್ನು ಬಚ್ಚಲ ಒಲೆಗೆ ಕೊಡಿ. ಕೆಲವರಿಗೆ ಈ ಮಾತು ಕೇಳಿದರೆ ಎದೆ ಹಾರುತ್ತದೆ ಅಂತ ಗೊತ್ತು.

ಮಳೆಗಿಂತ ದೊಡ್ಡ ಶತ್ರು ಬಿಸಿಲು. ಅತಿನೇರಳೆ ಕಿರಣ ಬಿದ್ದ ಬಿಳಿ ತುಂಡು ಹಳದಿಯಾಗುತ್ತದೆ, ಬೂದು ಬಣ್ಣದ್ದು ಕಂದು ಬಣ್ಣಕ್ಕೆ ತಿರುಗುತ್ತದೆ. ಮೋಡ ಕವಿದ ದಿನವೂ ಕಿರಣ ಬಂದೇ ಬರುತ್ತದೆ, ಆದ್ದರಿಂದ ಕಿಟಕಿಗೆ ಎದುರಾಗಿ ಬೀರು ಇಡಬೇಡಿ. ಹಳದಿಯಾದದ್ದನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮುಳುಗಿಸಿ ಬಿಸಿಲಿಗಿಟ್ಟು ಬಿಳಿ ಮಾಡುವವರಿದ್ದಾರೆ. ಬಣ್ಣ ಬರುತ್ತದೆ, ಆದರೆ ಅದು ಕಾಯಂ ಅಲ್ಲ. ಕೈಗವಸು ಹಾಕದೆ ಅದನ್ನು ಮುಟ್ಟಬೇಡಿ.

ತೊಳೆಯುವುದಾದರೆ ಕೈಯಲ್ಲೇ ತೊಳೆಯಿರಿ, ನೀರು 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಸ್ನಾನಕ್ಕೆ ಕಾಯಿಸಿದ ಹಂಡೆ ನೀರನ್ನು ಹಾಗೇ ಸುರಿದರೆ ತುಂಡು ಸೊಟ್ಟಗಾಗುತ್ತದೆ. ಪಾತ್ರೆ ತೊಳೆಯುವ ದ್ರವ ಎರಡು ಹನಿ ಸಾಕು. ಮೋಟಾರು, ಬ್ಯಾಟರಿ ಡಬ್ಬಿಗಳನ್ನು ಮೊದಲೇ ಬೇರೆ ತೆಗೆದಿಡಿ. ಒಣಗಿಸುವುದೇ ಕಷ್ಟ, ಏಕೆಂದರೆ ಬ್ರಿಕ್ಕಿನ ಹೊಟ್ಟೆಯ ಕೊಳವೆಗಳಲ್ಲಿ ನೀರು ಕೂತುಬಿಡುತ್ತದೆ. ಹಾಸನಾಂಬೆಯ ಬಾಗಿಲು ತೆಗೆಯುವ ಹೊತ್ತಿಗೆ ಮಳೆ ಸಾಮಾನ್ಯವಾಗಿ ಹಿಂದೆ ಸರಿದಿರುತ್ತದೆ, ದೀಪಾವಳಿಗೆ ಮನೆ ಗುಡಿಸುವ ನೆಪವೂ ಇರುತ್ತದೆ. ವರ್ಷಕ್ಕೊಮ್ಮೆಯ ತೊಳೆಯುವ ಕೆಲಸ ಆಗಲೇ ಮುಗಿಸಿ, ನೆರಳಲ್ಲಿ ಫ್ಯಾನ್ ಕೆಳಗೆ ಹರಡಿ. ಮನೆಯಲ್ಲಿ ಬೇರೆಯವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಯಾರಾದರೂ ಹಪ್ಪಳ ಅಂದುಕೊಂಡು ಬಿಸಿಲಿಗೆ ಎಳೆದುಬಿಟ್ಟಾರು.

ವಾರದ ದೂಳಿಗೆ ಮೇಕಪ್ ಬ್ರಷ್ ಸಾಕು. ಕೇಳಿ ತಗೊಳ್ಳಿ.

ಎಲ್ಲಿ ಇಡೋದು ಇಷ್ಟೆಲ್ಲ?

ಅಳತೆ ಹಿಡಿದು ಗಾಜಿನವರ ಹತ್ತಿರ ಹೋಗಿ. ರೆಡಿಮೇಡ್ ಶೋಕೇಸ್‌ಗಿಂತ ನಮ್ಮೂರಿನ ಬಡಗಿಯೇ ಮೇಲು, ಅಗ್ಗವೂ ಹೌದು. ಒಂದರ ಪಕ್ಕ ಒಂದು ಜೋಡಿಸುವ ಬೀದಿ ಕಟ್ಟಡಗಳ ಮಾಡ್ಯುಲರ್ ಸಾಲು 2007ರ ಕೆಫೆ ಕಾರ್ನರ್‌ನಿಂದ ಶುರುವಾಯಿತು. ಅವುಗಳ ಬುಡ ಸಾಮಾನ್ಯವಾಗಿ 32 ಗುಬುಟು, ಅಂದರೆ 25.6 ಸೆಂಟಿಮೀಟರ್. ಮೆಟ್ಟಿಲು, ಬೋರ್ಡು ಹೊರಚಾಚುವುದಕ್ಕೂ ಸೇರಿಸಿ ಬೀರುವಿನ ಆಳ 32 ಸೆಂಟಿಮೀಟರ್ ಇಡಿಸಿ. ಟೈಟಾನಿಕ್‌ನ ಉದ್ದ 135 ಸೆಂಟಿಮೀಟರ್, ಐಫೆಲ್‌ನ ಎತ್ತರ 149. ಅವನ್ನು ತರುವವರು ಮೊದಲು ಮನೆಯನ್ನೇ ದೊಡ್ಡದು ಮಾಡಿಸಬೇಕು. ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸುವುದನ್ನು ಮರೆಯಬೇಡಿ, ಅರ್ಧ ದೂಳು ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಉಪಾಯ ನಮ್ಮ ಕಡೆಯದ್ದೇ. ದಸರೆಗೆ ಗೊಂಬೆ ಕೂರಿಸುವ ಮನೆಯಾದರೆ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲನ್ನು ಕೇಳಿ ಪಡೆಯಿರಿ. ಒಂಬತ್ತು ದಿನ ನಿಮ್ಮ ಸಂಗ್ರಹಕ್ಕೆ ಸಾರ್ವಜನಿಕ ಮಾನ್ಯತೆ, ಮೇಲೆ ಬಂದವರಿಗೆಲ್ಲ ಚರಪು.

ತುಂಡುಗಳನ್ನು ಬಣ್ಣ ನೋಡಿ ವಿಂಗಡಿಸಲಾ, ಆಕಾರ ನೋಡಿಯಾ?

ಆಕಾರ ನೋಡಿ. ಒಂದೇ ಆಕಾರದ ರಾಶಿಯಲ್ಲಿ ಕೆಂಪು ತುಂಡು ಕಣ್ಣಿಗೆ ತಾನಾಗಿ ಬೀಳುತ್ತದೆ. ಕೆಂಪು ರಾಶಿಯಲ್ಲಿ ಸಣ್ಣ ಕೀಲು ಹುಡುಕುವುದು ಅಕ್ಕಿಯಲ್ಲಿ ಬಿಳಿ ಕಲ್ಲು ಆರಿಸಿದ ಹಾಗೆ. ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಡ್ರಾಯರ್‌ಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಭಾರತದ, ಕರ್ನಾಟಕದ ಸೆಟ್ ಯಾವುದಾದರೂ ಇದೆಯಾ?

ತಾಜ್ ಮಹಲ್ ಇದೆ, ಮೂರು ಸಲ ಬಂದಿದೆ. 2008ರದ್ದು 5,922 ತುಂಡು, ಆ ಕಾಲಕ್ಕೆ ದಾಖಲೆ. 2017ರಲ್ಲಿ ಅದೇ ಮತ್ತೆ, ಒಂದು ತುಂಡು ಹೆಚ್ಚು. 2021ರಲ್ಲಿ ಆರ್ಕಿಟೆಕ್ಚರ್ ಸಾಲಿನಲ್ಲಿ ಸಣ್ಣದು, 2,022 ತುಂಡು. ಕರ್ನಾಟಕದ ಸೆಟ್ ಯಾವುದೂ ಬಂದಿಲ್ಲ. ಲೆಗೊ ಐಡಿಯಾಸ್‌ಗೆ ಯಾರು ಬೇಕಾದರೂ ವಿನ್ಯಾಸ ಕಳಿಸಬಹುದು, 10,000 ಜನರ ಬೆಂಬಲ ಸಿಕ್ಕರೆ ಕಂಪನಿ ಪರಿಶೀಲನೆಗೆ ತಗೊಳ್ಳುತ್ತದೆ. ಸೆಟ್ ಮಾಡಿಯೇ ಮಾಡುತ್ತದೆ ಅಂತೇನಿಲ್ಲ. ಕಾಯುತ್ತಾ ಕೂರುವ ಬದಲು ನಾವೇ ಕಟ್ಟುವುದು ವಾಸಿ, ಅದಕ್ಕೇ ಮುಂದಿನ ಪ್ರಶ್ನೆ.

ಬೇಲೂರು ದೇವಸ್ಥಾನ ಕಟ್ಟಬಹುದಾ?

ಕಟ್ಟಬಹುದು, ಮೊದಲ ಕೆಲಸವಾಗಿ ಬೇಡ.

ಮೊದಲು ದೊಡ್ಡಗದ್ದವಳ್ಳಿ ಕಟ್ಟಿ. ಹಾಸನದಿಂದ ಬೇಲೂರಿನ ದಾರಿಯಲ್ಲಿ ಸಿಗುವ ಆ 12ನೇ ಶತಮಾನದ ಲಕ್ಷ್ಮೀದೇವಿ ಗುಡಿಗೆ ನಾಲ್ಕು ಗರ್ಭಗುಡಿಗಳು. ಅವುಗಳಲ್ಲಿ ಮೂರರ ಮೇಲಿನ ಶಿಖರಗಳು ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ಪಿರಮಿಡ್ಡುಗಳು. ಗುಬುಟಿನ ಚೌಕಳಿಗೆ ಇದಕ್ಕಿಂತ ಹೊಂದುವ ಹೊಯ್ಸಳ ಗುಡಿ ಇಲ್ಲ. ಪ್ಲೇಟಿನ ಮೇಲೆ ಪ್ಲೇಟು, ಪ್ರತಿ ಸುತ್ತಿಗೂ ಅರ್ಧ ಗುಬುಟು ಒಳಗೆ. ಆ ಅರ್ಧ ಗುಬುಟಿಗೆ, ನಟ್ಟನಡುವೆ ಒಂದೇ ಗುಬುಟಿರುವ ಜಂಪರ್ ಪ್ಲೇಟ್ ಬೇಕು, ಬೇಕಾದಷ್ಟು ಕೂಡಿಟ್ಟುಕೊಳ್ಳಿ. ಮೊಸಳೆ ಊರಿನ ಜೋಡಿ ಗುಡಿಗಳೂ ಒಳ್ಳೆಯ ಅಭ್ಯಾಸ, ಒಂದು ಬಂದರೆ ಎರಡೂ ಬಂದಂತೆ.

ಬೇಲೂರು, ಹಳೇಬೀಡು, ಅರಸೀಕೆರೆಯ ತೊಡಕು ನಕ್ಷತ್ರದ್ದು. ಹೊಯ್ಸಳ ಶಿಲ್ಪಿಗಳು ಚೌಕವನ್ನು ಒಂದೇ ಕೇಂದ್ರದ ಸುತ್ತ ತಿರುಗಿಸಿ ಮೂಲೆ ಎಬ್ಬಿಸಿದರು. ಒಂದರ ಮೇಲೊಂದು ನಾಲ್ಕು ಚೌಕವನ್ನು 22.5 ಡಿಗ್ರಿಯಂತೆ ತಿರುಗಿಸಿದರೆ 16 ಮೂಲೆ. ಬ್ರಿಕ್ಕಿನ ಲೋಕದಲ್ಲಿ ಎಲ್ಲವೂ 90 ಡಿಗ್ರಿ. ಅಲ್ಲಿಂದ ಹೊರಬರಲು ದಾರಿ ಎರಡು. ಒಂದು, ಪ್ರತಿ ಮೂಲೆಯನ್ನೂ ಬೇರೆ ಗೋಡೆಯಾಗಿ ಕಟ್ಟಿ, ಬಾಗಿಲಿನಂತೆ ತಿರುಗುವ ಹಿಂಜ್ ತುಂಡಿನಲ್ಲಿ ನೇತುಹಾಕುವುದು. ಇನ್ನೊಂದು, ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜ. 3, 4 ಗುಬುಟಿನ ಭುಜಗಳಿಗೆ ಕರ್ಣ ಸರಿಯಾಗಿ 5 ಗುಬುಟು, ಹಾಗಾಗಿ ಓರೆ ಗೋಡೆ ಎರಡು ತುದಿಯಲ್ಲೂ ಕಚ್ಚಿಕೊಳ್ಳುತ್ತದೆ. 45 ಡಿಗ್ರಿಗೆ ಹೀಗೆ ಪಕ್ಕಾ ಲೆಕ್ಕ ಬರುವುದಿಲ್ಲ. ಆದರೆ 12 ಮತ್ತು 12ಕ್ಕೆ ಕರ್ಣ 17ಕ್ಕೆ ಕೂದಲೆಳೆ ಕಡಿಮೆ, ವರ್ಗ ಮಾಡಿ ನೋಡಿದರೆ 288 ಮತ್ತು 289. ಆ ಕೂದಲೆಳೆಯನ್ನು ಪ್ಲಾಸ್ಟಿಕ್ ನುಂಗಿಕೊಳ್ಳುತ್ತದೆ.

ಇದನ್ನು ಅಭ್ಯಾಸ ಮಾಡಲು ಮಂಜರಾಬಾದ್ ಕೋಟೆಗಿಂತ ಒಳ್ಳೆಯ ಪಾಠ ಇಲ್ಲ. ಸಕಲೇಶಪುರದ ಹತ್ತಿರ ಟಿಪ್ಪು 1792ರಲ್ಲಿ ಮುಗಿಸಿದ ಆ ಕೋಟೆ ಎಂಟು ಮೂಲೆಯ ನಕ್ಷತ್ರ. ಗೋಡೆಯ ಮೇಲೆ ಕೆತ್ತನೆಯ ಗೊಡವೆ ಇಲ್ಲ, ಕೋನ ಒಂದೇ ಚಿಂತೆ.

ಕೆತ್ತನೆಗೆ ಬರೋಣ. ಹಳೇಬೀಡಿನ ಬುಡದ ಪಟ್ಟಿಗಳನ್ನು ಕೆಳಗಿನಿಂದ ನೋಡಿದರೆ ಆನೆ, ಸಿಂಹ, ಬಳ್ಳಿ, ಕುದುರೆ, ಹೀಗೆ ಸಾಗುತ್ತದೆ. ಸಣ್ಣ ಅಳತೆಯಲ್ಲಿ ಆನೆ ಮಾಡಲು ಹೋಗಬೇಡಿ. ಪ್ರತಿ ಪಟ್ಟಿಗೂ ಒಂದೊಂದು ಬಗೆಯ ಒರಟುತನ ಕೊಡಿ: ಒಂದಕ್ಕೆ ಗೀರುಗಳಿರುವ ಗ್ರಿಲ್ ಟೈಲ್ (ಟೈಲ್ ಅಂದರೆ ಮೇಲೆ ಗುಬುಟಿಲ್ಲದ ತೆಳು ತುಂಡು), ಒಂದಕ್ಕೆ ಪಕ್ಕದಲ್ಲೂ ಗುಬುಟಿರುವ ಹೆಡ್‌ಲೈಟ್ ಬ್ರಿಕ್, ಒಂದಕ್ಕೆ ಹಲ್ಲಿನ ಹಾಗೆ ಕಾಣುವ ಸಣ್ಣ ಇಳಿಜಾರು ತುಂಡು. ದೂರದಿಂದ ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಪಟ್ಟಿಗಳನ್ನು ಪಕ್ಕಕ್ಕೆ ತಿರುಗಿಸಿ ಕೂರಿಸುವಾಗ ಐದು ಪ್ಲೇಟಿನ ಎತ್ತರ ಎರಡು ಗುಬುಟಿನ ಅಗಲಕ್ಕೆ ಸಮ ಎಂಬುದನ್ನು ನೆನಪಿಡಿ, ಎರಡೂ 16 ಮಿಲಿಮೀಟರ್. ಒಳಗಿನ ತಿರುಗಣೆ ಕಂಬಗಳಿಗೆ ದುಂಡು ಬ್ರಿಕ್, ದುಂಡು ಪ್ಲೇಟ್, ತಟ್ಟೆಯಂಥ ಡಿಶ್ ತುಂಡುಗಳನ್ನು ಏರಿಳಿಸಿ ಪೋಣಿಸಿದರೆ ನಿಜಕ್ಕೂ ಕಡೆದಂತೆ ಕಾಣುತ್ತವೆ. ಮದನಿಕೆಗಳಿಗೆ ಟ್ರೋಫಿಯಾಗಿ ಬರುವ ಪುಟಾಣಿ ಗೊಂಬೆ ಇದೆ, ನರ್ತಿಸುವುದಿಲ್ಲ ಅನ್ನುವುದೊಂದೇ ಕೊರತೆ.

ಬಳಪದ ಕಲ್ಲಿಗೆ ಡಾರ್ಕ್ ಬ್ಲೂಯಿಶ್ ಗ್ರೇ ಎಂಬ ಕಡು ಬೂದು ಬಣ್ಣ ಸರಿಹೊಂದುತ್ತದೆ. ನಡುನಡುವೆ ಸ್ಯಾಂಡ್ ಗ್ರೀನ್ ಎಂಬ ಮಾಸಲು ಹಸಿರಿನ ತುಂಡು ಒಂದೆರಡು ಸೇರಿಸಿ, ಮಳೆ ಕಂಡ ಕಲ್ಲಾಗುತ್ತದೆ. ಹಳೇ ಸೆಟ್‌ನ ಬೂದು ತುಂಡು ಬೆರೆಸುವವರು ಗಮನಿಸಿ: 2004ರ ಸುಮಾರಿಗೆ ಕಂಪನಿ ಬೂದು ಬಣ್ಣವನ್ನೇ ಬದಲಿಸಿತು, ಹಳೆಯದು ಹೊಸದು ಪಕ್ಕಪಕ್ಕ ಕೂತರೆ ತೇಪೆ ಹಾಕಿದಂತೆ ಕಾಣುತ್ತದೆ. ಜೀರ್ಣೋದ್ಧಾರ ಆಗಿದೆ ಎಂದು ಹೇಳಿ ಪಾರಾಗಬಹುದು.

ಬೇಲೂರು, ಹಳೇಬೀಡು, ಸೋಮನಾಥಪುರ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಅದನ್ನು ನೆಪ ಮಾಡಿಕೊಂಡು ಇನ್ನೂ ನಾಲ್ಕು ಜನ ಕಟ್ಟಿದರೆ ನನಗೆ ಖುಷಿ.

ಬೇರೆ ಏನು ಕಟ್ಟಬಹುದು ನಮ್ಮ ಜಿಲ್ಲೆಯದ್ದು?

ಶೆಟ್ಟಿಹಳ್ಳಿ ಚರ್ಚು. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ, ಸೂರಿಲ್ಲದ ಆ ಕಟ್ಟಡಕ್ಕೆ ಕಮಾನು ತುಂಡುಗಳೇ ಬಂಡವಾಳ. ನೀರಿನ ಮಟ್ಟವನ್ನು ಪಾರದರ್ಶಕ ಟೈಲಿನ ಬೇರೆ ಪದರವಾಗಿ ಮಾಡಿದರೆ ಜುಲೈನಲ್ಲಿ ಇಟ್ಟು, ಫೆಬ್ರುವರಿಯಲ್ಲಿ ತೆಗೆಯಬಹುದು.

ರೈಲಿನವರಿಗೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಇದೆ, 57 ಸುರಂಗ, 109 ಸೇತುವೆ. ಒಂದು ಸುರಂಗ, ಒಂದು ಸೇತುವೆ ಸಾಕು. ಲೆಗೊ ಹಳಿಯ ಮಾಮೂಲಿ ತಿರುವಿನ ತ್ರಿಜ್ಯ 40 ಗುಬುಟು, ಅಂದರೆ 32 ಸೆಂಟಿಮೀಟರ್, ತೀರಾ ಬಿಗಿ. ಉದ್ದನೆಯ ಬೋಗಿ ಮಾಡಿದರೆ ಸುರಂಗದ ಗೋಡೆಗೆ ಉಜ್ಜುತ್ತದೆ.

ಶ್ರವಣಬೆಳಗೊಳದ ಗೊಮ್ಮಟನನ್ನು ಕೇಳುವವರೂ ಇದ್ದಾರೆ. ಮೂರ್ತಿ 57 ಅಡಿ. 1978ರಿಂದ ಬರುತ್ತಿರುವ ನಾಲ್ಕು ಸೆಂಟಿಮೀಟರಿನ ಮಿನಿಫಿಗರ್‌ ಎಂಬ ಲೆಗೊ ಮನುಷ್ಯರ ಅಳತೆಗೆ ಇಳಿಸಿದರೆ 40 ಸೆಂಟಿಮೀಟರ್ ಸುಮಾರು. ಅಳತೆ ಕೈಗೆಟಕುತ್ತದೆ, ಮುಖದ ಆ ನಗು ಎಟಕುವುದಿಲ್ಲ. ನಾನಂತೂ ಕೈಹಾಕಿಲ್ಲ.

ಯಾವುದನ್ನೇ ಆಗಲಿ, ತುಂಡು ಕೊಳ್ಳುವ ಮೊದಲು ಸ್ಟುಡಿಯೊ ಎಂಬ ಉಚಿತ ತಂತ್ರಾಂಶದಲ್ಲಿ ಕಟ್ಟಿ ನೋಡಿ. ಬ್ರಿಕ್‌ಲಿಂಕ್ ಎಂಬ ಬಿಡಿ ತುಂಡುಗಳ ಸಂತೆ ಅದನ್ನು ಕೊಡುತ್ತದೆ. ಆ ಸಂತೆಯನ್ನು 2019ರಲ್ಲಿ ಲೆಗೊ ಕಂಪನಿಯೇ ಕೊಂಡಿತು. ಹೊರದೇಶದ ಮಾರಾಟಗಾರರಿಂದ ತರಿಸುವಾಗ ಅಂಚೆ ವೆಚ್ಚ, ಸುಂಕ ಸೇರಿ ತುಂಡಿನ ಬೆಲೆಗಿಂತ ಹೆಚ್ಚಾಗುವುದುಂಟು. ದೇಶದೊಳಗಿನವರನ್ನು ಮೊದಲು ನೋಡಿ.

ಬಿಚ್ಚದೆ ಇಟ್ಟರೆ ಬೆಲೆ ಏರುತ್ತಂತೆ, ಚಿನ್ನದ ಬದಲು ಇದನ್ನೇ ತಗೊಳ್ಳಲಾ?

ಬೇಡ.

ಏರುತ್ತದೆ ಅನ್ನುವುದು ಸುಳ್ಳಲ್ಲ. ತಯಾರಿಕೆ ನಿಂತ ಕೆಲವು ಸೆಟ್‌ಗಳು ಮರುಮಾರಾಟದಲ್ಲಿ ಚೆನ್ನಾಗಿ ಏರಿವೆ. ಮೊದಲ ತಾಜ್ ಮಹಲ್ ಹಾಗೆಯೇ ಗಗನಕ್ಕೇರಿತ್ತು. 2017ರಲ್ಲಿ ಕಂಪನಿ ಅದನ್ನೇ ಮತ್ತೆ ಬಿಟ್ಟಾಗ ಡಬ್ಬ ಬಚ್ಚಿಟ್ಟವರ ಲೆಕ್ಕ ತಲೆಕೆಳಗಾಯಿತು. ಅದು ಅಮೆರಿಕ, ಯುರೋಪಿನ ಮಾತು. ಅಲ್ಲಿ ಹಳೇ ಸೆಟ್ ಕೊಳ್ಳುವವರಿದ್ದಾರೆ. ಇಲ್ಲಿ ಡಬ್ಬದ ಮೂಲೆ ಜಜ್ಜದಂತೆ, ಬೂಸಲು ಹಿಡಿಯದಂತೆ ಹತ್ತು ಮಳೆಗಾಲ ಕಾಯ್ದು ಕೊನೆಗೆ ಮಾರುವುದು ಯಾರಿಗೆ? ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಇಟ್ಟುಕೊಂಡು ಕೂರುತ್ತೀರಾ?

ಇದರಲ್ಲಿ ನನಗೆ ಹಟ ಇದೆ, ಮುಚ್ಚುವುದಿಲ್ಲ. ಬಿಚ್ಚದ ಡಬ್ಬ ಕೂಡಿಡುವವರನ್ನು ನಾನು ಸಂಗ್ರಾಹಕರು ಅನ್ನುವುದಿಲ್ಲ, ದಾಸ್ತಾನುದಾರರು ಅನ್ನುತ್ತೇನೆ. ನಮ್ಮಂಥ ಹವೆಯಲ್ಲಂತೂ ಡಬ್ಬ ಬಿಚ್ಚುವುದೇ ಅದನ್ನು ಉಳಿಸುವ ದಾರಿ.

ಕಟ್ಟಿದ ಮೇಲೆ ಬಿಚ್ಚಬೇಕಾ? ಮನಸ್ಸು ಬರಲ್ಲ.

ಬರುವುದಿಲ್ಲ, ಗೊತ್ತು. ಕೆಲವನ್ನು ಬಿಚ್ಚಲೇಬೇಡಿ. ಉಳಿದದ್ದಕ್ಕೆ ನನ್ನ ರೂಢಿ ಹೀಗೆ: ಬೀರು ತುಂಬಿತೆಂದರೆ ಹೊಸ ಬೀರು ಬರುವುದಿಲ್ಲ, ಯಾವುದೋ ಒಂದು ಕೆಳಗಿಳಿಯುತ್ತದೆ. ಪರದೇಶದ ಕೆಫೆಯ ಗೋಡೆ ದೊಡ್ಡಗದ್ದವಳ್ಳಿಯ ಅಡಿಪಾಯವಾಗುತ್ತದೆ. ಬೇರೆಯವರ ಕೈಪಿಡಿ ನೋಡಿ ಕಟ್ಟಿದ್ದು ಅವರ ಕೆಲಸ, ಅದೇ ತುಂಡಿನಲ್ಲಿ ನಮ್ಮ ಊರನ್ನು ಕಟ್ಟುವಾಗಲೇ ನಮ್ಮ ಕೆಲಸ ಶುರು.

ಬಿಚ್ಚುವಾಗ ರೆಡಿಶ್ ಬ್ರೌನ್ ಎಂಬ ಕಂದು ತುಂಡುಗಳ ಬಗ್ಗೆ ಜೋಪಾನ. ಹಳೇ ಸೆಟ್‌ಗಳಲ್ಲಿ ಆ ಬಣ್ಣ ಬಿರುಕು ಬಿಡುವುದಕ್ಕೆ ಹೆಸರುವಾಸಿ. ಹಲ್ಲು ಮಾತ್ರ ಬಳಸಬೇಡಿ. ತುಂಡು ಬಿಡಿಸುವ ಕಿತ್ತಳೆ ಬಣ್ಣದ ಸೆಪರೇಟರ್ ಎಷ್ಟೋ ಸೆಟ್‌ಗಳ ಜೊತೆ ಪುಕ್ಕಟೆ ಬರುತ್ತದೆ, ದಂತವೈದ್ಯರು ಪುಕ್ಕಟೆ ಬರುವುದಿಲ್ಲ.

ಒಂದು ತುಂಡು ಕಮ್ಮಿ ಬಂದರೆ?

ಮೊದಲು ಕಾಗದದ ಚೀಲದ ಮೂಲೆ ನೋಡಿ. ಆಮೇಲೆ ಸೋಫಾ ಕೆಳಗೆ. ನಿಜಕ್ಕೂ ಇಲ್ಲದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಸೆಟ್ ಸಂಖ್ಯೆ, ತುಂಡಿನ ಸಂಖ್ಯೆ ಬರೆಯಿರಿ. ತುಂಡಿನ ಸಂಖ್ಯೆ ಕೈಪಿಡಿಯ ಕೊನೆಯ ಪುಟಗಳಲ್ಲಿದೆ. ಹೆಚ್ಚಿಗೆ ಉಳಿದ ಸಣ್ಣ ತುಂಡುಗಳನ್ನು ಕಂಡು ಗಾಬರಿಯಾಗಬೇಡಿ, ಕಳೆದುಹೋಗುವಂಥವನ್ನು ಅವರೇ ಒಂದೊಂದು ಹೆಚ್ಚು ಹಾಕಿರುತ್ತಾರೆ.

ನೆಂಟರ ಮಕ್ಕಳು ಬಂದು ಕೇಳಿದರೆ ಕೊಡಬೇಕಾ?

ಕೊಡಬೇಕು, ಆದರೆ ಬೀರುವಿನಲ್ಲಿರುವುದನ್ನಲ್ಲ. ಬೆರಕೆ ತುಂಡುಗಳ ಒಂದು ಬಕೆಟ್ ಬೇರೆ ಇಟ್ಟಿರಿ. ಮೂರು ವರ್ಷದೊಳಗಿನವರಿಗೆ ಸಣ್ಣ ತುಂಡು ಕೊಡಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವರಿಗೆ ಲೆಗೊದ್ದೇ ದೊಡ್ಡ ಬ್ರಿಕ್ಕುಗಳ ಡುಪ್ಲೊ ಇದೆ, ಉದ್ದ, ಅಗಲ, ಎತ್ತರ ಎಲ್ಲವೂ ಎರಡರಷ್ಟು. ಮಾಮೂಲಿ ಬ್ರಿಕ್ಕಿಗೂ ಕಚ್ಚಿಕೊಳ್ಳುವುದರಿಂದ ಆ ಮಕ್ಕಳು ಬೆಳೆದ ಮೇಲೆ ನೀವು ಕಟ್ಟುವ ಲೆಗೊ ಬೆಟ್ಟದ ಹೊಟ್ಟೆ ತುಂಬಲು ನಿಮಗೇ ಬರುತ್ತದೆ.

"ಒಂದು ಗೊಂಬೆ ಕೊಟ್ಟುಬಿಡು, ಮಗು ಅಳ್ತಾ ಇದೆ" ಅನ್ನುವ ಚಿಕ್ಕಮ್ಮನಿಗೆ ಉತ್ತರ ಇನ್ನೂ ಯಾರಿಗೂ ಸಿಕ್ಕಿಲ್ಲ.

ಕರೆಂಟ್ ಹೋದಾಗ ಕಾಲಿಗೆ ಚುಚ್ಚಿದರೆ?

ಎಬಿಎಸ್ ಬಗ್ಗುವುದಿಲ್ಲ, ನೀವೇ ಬಗ್ಗಬೇಕು. ಮಳೆಗಾಲದ ಸಂಜೆ ಕಟ್ಟಲು ಕೂರುವವರು ಹಳೇ ಬೆಡ್‌ಶೀಟ್ ಹಾಸಿ, ಅಂಚು ನಾಲ್ಕೂ ಕಡೆ ಮಡಚಿ, ಅದರ ಮೇಲೇ ಎಲ್ಲವನ್ನೂ ಸುರಿದುಕೊಳ್ಳಿ. ಕರೆಂಟ್ ಹೋದ ಕೂಡಲೇ ನಾಲ್ಕು ಮೂಲೆ ಎತ್ತಿ ಗಂಟು ಕಟ್ಟಿ ಪಕ್ಕಕ್ಕಿಡಿ. ಎಮರ್ಜೆನ್ಸಿ ಲೈಟಿನಲ್ಲಿ ಮುಂದುವರಿಸುವ ಆಸೆ ಬೇಡ. ಆ ಬೆಳಕಿಗೆ ಕಪ್ಪು, ಕಡು ಬೂದು, ಕಡು ಕಂದು ಮೂರೂ ಒಂದೇ, ಬೆಳಿಗ್ಗೆ ಎದ್ದು ನೋಡಿದರೆ ಗೋಪುರದ ಅರ್ಧ ಕಂದು ಬಣ್ಣದ್ದಾಗಿರುತ್ತದೆ.